ನಲವತ್ತೊಂದನೆಯ ಸಾಲಿನ ಊರು

ಗ್ವಾಟೆಮಾಲಾದ ಒಂದು ಪುಟ್ಟ ಬೆಟ್ಟದ ಊರಿಗೆ ನಾಲ್ಕು ದಿನ ಹೋಗಿಬರುವ ವಿಚಾರ ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಊಟದ ಮೇಜಿನ ಮೇಲೆ ಮಂಡನೆಯಾದದ್ದು ಫೆಬ್ರವರಿಯ ಒಂದು ಭಾನುವಾರ. ಮಂಡಿಸಿದವರು ತೀಯಾ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಚಿಕ್ಕಮ್ಮ. ನಾನೂ ಹೆಂಡತಿಯೂ ಆಫೀಸಿಗೆ ಓಡುತ್ತಿದ್ದ ವರ್ಷಗಳಲ್ಲಿ ನಮ್ಮ ಮಗಳನ್ನು ಕೈಕೂಸಿನಿಂದ ಸಾಕಿದವರು. ಮಗಳಿಗೆ ಈಗ ಹದಿಮೂರು. ತೀಯಾ ಮಾತ್ರ ಇಂದಿಗೂ ಭಾನುವಾರ ಬಂದು ಅನ್ನ ಸಾರು ಉಂಡು ಹೋಗುತ್ತಾರೆ. ಅವರಿಗೆ ಬರುವ ಕನ್ನಡ ಮೂರೇ ಪದ: ಸಾರು, ಸಾಕು, ಬೇಡ.

ಈ ಸಾಕಣೆಯ ಒಂದು ಪರಿಣಾಮವನ್ನು ಮುಚ್ಚಿಡುವಂತಿಲ್ಲ. ಇಲ್ಲಿಯ ಕನ್ನಡಿಗರ ಕೂಟದಲ್ಲಿ ‘ಮನೆಯಲ್ಲಿ ಮಾತೃಭಾಷೆ’ ಎಂಬ ವಿಷಯವಾಗಿ ಮೂರು ಸಲ ಭಾಷಣ ಮಾಡಿ ಶಾಲು ಹೊದಿಸಿಕೊಂಡವನು ನಾನು. ನನ್ನ ಮಗಳು ಎಡವಿಬಿದ್ದರೆ ಅಮ್ಮಾ ಎನ್ನುವುದು ಸ್ಪ್ಯಾನಿಷ್‌ನಲ್ಲಿ.

ತೀಯಾ ಕೇಳಿದ್ದು ಸಣ್ಣದು. ಆ ಬೆಟ್ಟದ ಊರಲ್ಲಿರುವ ಅವರ ತಾಯಿ ಹೋದ ವರ್ಷ ಜಾರಿಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಅಲ್ಲಿಂದೀಚೆಗೆ ವಿಡಿಯೊ ಕರೆಯಲ್ಲಿ ಕಾಣುವುದು ಒಂದು ನೀಲಿ ಕುರ್ಚಿ, ಅದರಲ್ಲಿ ತಾಯಿ. ಓಡಾಡುತ್ತಾಳೆಯೇ ಎಂದರೆ ಊರಲ್ಲಿರುವ ತಮ್ಮ ಎಲ್ಲ ಚೆನ್ನಾಗಿದೆ ಎನ್ನುತ್ತಾನೆ. ತಾಯಿಯೂ ಅದನ್ನೇ ಹೇಳುತ್ತಾಳೆ. ತೀಯಾ ಹೋಗಿ ನೋಡುವ ಹಾಗಿಲ್ಲ. ಅವರ ಕಾಗದಪತ್ರದ ಸ್ಥಿತಿಯಲ್ಲಿ ಅಮೆರಿಕದಿಂದ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರುವಂತಿಲ್ಲ.

“ತೀಯಾ ಹೇಳ್ತಿದಾರೆ, ಸ್ಪ್ರಿಂಗ್ ಬ್ರೇಕಲ್ಲಿ ನೀವು ಹೋಗಿ, ನಿಮ್ ಕಣ್ಣಲ್ಲಿ ನೋಡಿ, ಟ್ರೂಥ್ ಹೇಳಿ ಅಂತ,” ಎಂದು ಮಗಳು ತನ್ನ ಕನ್ನಡದಲ್ಲಿ ಅನುವಾದಿಸಿದಳು.

ರೆಸ್ಟನ್‌ನ ಆಫೀಸಿನಲ್ಲಿ ನನಗೆ ಸಂಬಳ ಕೊಡುವುದೇ ಯೋಜನೆ ಹಾಕುವುದಕ್ಕೆ. ಆದ್ದರಿಂದ ಕೂಡಲೇ ಒಂದು ಸ್ಪ್ರೆಡ್‌ಶೀಟ್ ತೆರೆದೆ. ಮೊದಲ ದಿನ ಅದರಲ್ಲಿ ಇದ್ದದ್ದು ಎರಡೇ ಸಾಲು: ಹೋಗುವುದು, ಬರುವುದು. ಮರುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ದೋಸೆಯ ಸಾಲಿನಲ್ಲಿ ನಿಂತಿದ್ದಾಗ, ಕಾಸ್ಟಾರಿಕಾಗೆ ಒಮ್ಮೆ ಹೋಗಿಬಂದು ಇಡೀ ಮಧ್ಯ ಅಮೆರಿಕದ ಅಧಿಕಾರ ವಹಿಸಿಕೊಂಡಿದ್ದ ಸ್ನೇಹಿತರೊಬ್ಬರು ನನ್ನನ್ನು ವಿಚಾರಣೆಗೆ ಒಳಪಡಿಸಿದರು.

“ಅಷ್ಟು ದೂರ ಹೋಗಿ ವಾಲ್ಕೇನೋ ನೋಡ್ದೆ ಬರ್ತೀರಾ ಸಾರ್?”

“ಒಬ್ರು ಅಜ್ಜೀನ ನೋಡ್ಕೊಂಡ್ ಬರೋಕೆ ಹೋಗ್ತಿರೋದು.”

“ಅಜ್ಜೀನ ದಾರೀಲಿ ಕವರ್ ಮಾಡ್ಬಹುದು ಬಿಡಿ.”

ಜ್ವಾಲಾಮುಖಿ ಸೇರಿತು. ಅದು ಬಂದ ಮೇಲೆ ಸರೋವರವನ್ನು ಬಿಟ್ಟರೆ ಸರೋವರಕ್ಕೆ ಬೇಸರವಾದೀತು ಎಂದು ಅದೂ ಸೇರಿತು. ಪಾಳುಬಿದ್ದ ಗೋಪುರಗಳು, ಕಾಫಿ ತೋಟ, ನೇಯ್ಗೆಯವರ ಸಂತೆ ಒಂದರ ಹಿಂದೊಂದು ಬಂದವು. ಎರಡು ವಾರದಲ್ಲಿ ಪ್ರವಾಸವು ಐವತ್ತಾರು ಸಾಲಿಗೆ ಬೆಳೆಯಿತು. ತೀಯಾ ಅವರ ಊರು ನಲವತ್ತೊಂದನೆಯ ಸಾಲಿಗೆ ಇಳಿದಿತ್ತು. ಅಲ್ಲಿ ಹೀಗಿತ್ತು: ಅಜ್ಜಿ, ನಲವತ್ತೈದು ನಿಮಿಷ, ಶೌಚಾಲಯ ಸೇರಿ.

“ಕಾಫಿ ತೋಟಕ್ಕೆ ಮೂರು ಗಂಟೆ ಹಾಕಿದೀರಲ್ಲ ರೀ,” ಎಂದಳು ಹೆಂಡತಿ. “ಮೈಸೂರಲ್ಲಿದ್ದಾಗ ಕೊಡಗಿಗೆ ಹೋಗೋಣ ಅಂದ್ರೆ ಬಿಸಿಲು ಅಂತಿದ್ರಿ.”

ಹೀಗೆಂದವಳು ತನ್ನದೇ ಒಂದು ಹಾಳೆ ತೆರೆದಿದ್ದಳು. ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ, ಸಣ್ಣ ರೈಸ್ ಕುಕ್ಕರ್. ಹಿಮಾಲಯ ಹತ್ತುವವರು ಇಷ್ಟು ಹೊರುವುದಿಲ್ಲ.

ಮಾರ್ಚ್‌ನ ಒಂದು ಭಾನುವಾರ, ನಲವತ್ತೈದು ನಿಮಿಷದ ಸುದ್ದಿಯನ್ನು ಅಜ್ಜಿಗೆ ಮುಟ್ಟಿಸಲು ಕರೆ ಮಾಡಿದೆವು. ಮಗಳು ದುಭಾಷಿ. ತೀಯಾ ಪಕ್ಕದಲ್ಲಿ ಸಾರನ್ನ ಉಣ್ಣುತ್ತಿದ್ದರು. ನೀಲಿ ಕುರ್ಚಿಯಲ್ಲಿ ಅಜ್ಜಿ ಕಂಡರು. ನಾನು ಹೇಳಬೇಕಾದ್ದನ್ನು ಹೇಳುವ ಮೊದಲೇ ಅವರು, ಬಂದ ದಿನ ನಿಮಗೆ ಅಡಿಗೆ ಏನು ಮಾಡಲಿ ಎಂದರು.

ನಾನು ಗಂಟಲು ಸರಿಪಡಿಸಿಕೊಂಡು ನಮ್ಮ ಮನೆತನದ ಆಹಾರಸಂಹಿತೆಯನ್ನು ವಿಧಿವತ್ತಾಗಿ ಪ್ರಕಟಿಸಿದೆ. ಮಾಂಸವಿಲ್ಲ, ಮೊಟ್ಟೆಯಿಲ್ಲ.

“ಚಿಕನ್ ಓಕೇನಾ ಅಂತಿದಾರೆ,” ಎಂದಳು ಮಗಳು.

“ಕೋಳೀನೂ ಬೇಡ.”

ಅಜ್ಜಿ ಏನೋ ಕೇಳಿದರು. ಮಗಳು ತುಟಿ ಕಚ್ಚಿಕೊಂಡಳು. “ಅಪ್ಪಂಗೆ ಹುಷಾರಿಲ್ವಾ ಅಂತ ಕೇಳ್ತಿದಾರೆ.”

ಬೀನ್ಸ್ ಬೇಯಿಸುತ್ತೇನೆ ಎಂದರು. ನಾನು ಇಂಟರ್‌ನೆಟ್ಟಿನಲ್ಲಿ ಸಾಕಷ್ಟು ಓದಿಕೊಂಡಿದ್ದೆ. “ಅದಕ್ಕೆ ಹಂದಿ ಕೊಬ್ಬು ಹಾಕ್ತಾರಂತೆ, ಕೇಳು.”

“ಅಪ್ಪಾ, ಅದು ರೂಡ್.”

“ರೂಡ್ ಅಲ್ಲ, ಕ್ಲಾರಿಫಿಕೇಷನ್.”

ಮಗಳು ಕೇಳಿದಳು. ಅಜ್ಜಿಯ ಮುಖ ಬಿಗಿಯಿತು. ಚುಟುಕಾಗಿ ಏನೋ ಅಂದರು. ಪರದೆಯಲ್ಲಿ ಒಂದು ಸೆರಗಿನಂಥ ಬಟ್ಟೆ ಸರಿದುಹೋಯಿತು. ಆಮೇಲೆ ನೀಲಿ ಕುರ್ಚಿ ಮಾತ್ರ ಉಳಿಯಿತು.

“ತಾನು ಯೂಸ್ ಮಾಡೋ ಎಣ್ಣೆ ತೋರಿಸ್ತಾರಂತೆ,” ಎಂದಳು ಮಗಳು.

“ಮಾಡಿದ್ರಿ ನೋಡಿ,” ಎಂದಳು ಹೆಂಡತಿ. “ಹೋಗೋ ಮುಂಚೇನೇ ಅವಮಾನ.”

ಕ್ಷಮೆ ಕೇಳೋಣವೆಂದು ತೀಯಾ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಎದ್ದು ನಿಂತು, ಎಂಜಲು ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು, ಆ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು. ಆಗ ನನಗೂ ಹೊಳೆಯಿತು: ಅಜ್ಜಿ ತಾವೇ ಎದ್ದು ಹೋಗಿದ್ದರು.

ಅಲ್ಲಿ ಒಂದು ಕೋಳಿ ಕೂಗಿತು. ದೂರದಲ್ಲಿ ಪಾತ್ರೆ ಬಿದ್ದ ಸದ್ದು. ತೀಯಾ ಮೇಜಿನ ಅಂಚು ಹಿಡಿದರು. ಅಷ್ಟು ಹೊತ್ತು ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ನಾನು ಜನ್ಮದಲ್ಲಿ ನೋಡಿದವನಲ್ಲ.

ಕೊನೆಗೆ ಅಜ್ಜಿ ಬಂದರು, ಒಂದು ಬದಿಗೆ ವಾಲುತ್ತ, ನಿಧಾನವಾಗಿ. ಒಂದು ಕೈಯಲ್ಲಿ ಎಣ್ಣೆ ಸೀಸೆ. ಇನ್ನೊಂದರಲ್ಲಿ, ನನಗೆ ತಿನ್ನಲು ಯೋಗ್ಯವಾಗಿರಬಹುದೆಂದು ಆರಿಸಿ ತಂದ ಸಣ್ಣ ಕುಂಬಳಕಾಯಿ. ಸೀಸೆಯ ಚೀಟಿಯನ್ನು ಫೋನಿಗೆ ಒತ್ತಿ ಹಿಡಿದು ನನಗೆ ಸಾಕಷ್ಟು ಬೈದರು. ಮಗಳು ಅದನ್ನು ಅನುವಾದಿಸಲಿಲ್ಲ.

“ಲಾಸ್ ದೋಸ್ ಮಾನೋಸ್,” ಎಂದರು ತೀಯಾ, ಮೆಲ್ಲಗೆ.

“ಎರಡೂ ಕೈ,” ಎಂದಳು ಮಗಳು.

ಹೌದು. ಕೋಲಿರಲಿಲ್ಲ, ಗೋಡೆ ಹಿಡಿದಿರಲಿಲ್ಲ. ತೀಯಾ ಕುಳಿತರು, ತಟ್ಟೆ ಮುಂದೆ ಚಾಚಿ, “ಸಾರು” ಎಂದರು.

ಪ್ರವಾಸದ ಉದ್ದೇಶ ಈಡೇರಿದ್ದರಿಂದ ಯೋಜನೆಯನ್ನು ಮುಕ್ತಾಯಗೊಳಿಸಬಹುದೆಂದು ನಾನು ಕೇವಲ ತಾಂತ್ರಿಕವಾಗಿ ಸೂಚಿಸಿದೆ.

“ಕುಂಬಳಕಾಯಿ ತೋರಿಸಿದಾರೆ ರೀ,” ಎಂದಳು ಹೆಂಡತಿ. “ಈಗ ಹೋಗ್ದೆ ಇದ್ರೆ ಮರ್ಯಾದೆನಾ?”

ಜ್ವಾಲಾಮುಖಿ, ಸರೋವರ, ಗೋಪುರ ಎಲ್ಲ ಅಳಿಸಿದೆ. ನಲವತ್ತೊಂದನೆಯ ಸಾಲು ಎರಡನೆಯದಾಯಿತು. ಹೋಗುವುದು, ಅಜ್ಜಿ, ಬರುವುದು. ಹೆಂಡತಿಯ ಹಾಳೆಯಲ್ಲಿ ಮಾತ್ರ ರೈಸ್ ಕುಕ್ಕರ್ ಅಲುಗಲಿಲ್ಲ. ಅದು ಮುನ್ನೆಚ್ಚರಿಕೆಯಲ್ಲ, ಅಜ್ಜಿಗೆ ಉಡುಗೊರೆ ಎಂದು ಅವಳ ವಾದ.