ಎರಡನೇ ರಿಮೋಟಿನ ಕುಸ್ತಿ

ಚಿನ್ನಿ, ಗುಂಡ್ಯಾ, ಹಳೆಯ ಟಿವಿ ಆಟವನ್ನು ಯಾವ ಯಂತ್ರದಲ್ಲಿ ಆಡಬೇಕೆಂದು ಅಕ್ಕ ತಮ್ಮ ಇಬ್ಬರೂ ಈ ಪಡಸಾಲೆಯಲ್ಲಿ ವಾರಗಟ್ಟಲೆ ಕಚ್ಚಾಡಿದಿರಿ. ನಾನು ಮೂಲೆಯಲ್ಲಿ ಶೇಂಗಾ ಸುಲಿಯುತ್ತ ಕೇಳುತ್ತಿದ್ದೆ. ಕೊನೆಗೆ ಆರಿಸಿದವಳು ನಾನೇ. ಅದೇ ಏಕೆಂದು ಕೇಳಿದಾಗ "ಹಂಗ ಸುಮ್ನ" ಅಂದೆ. ಸುಮ್ಮನೆ ಅಲ್ಲ. ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಂಬರ್ಗಾದ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ ಕಿರಾಣಿ ಚೀಟಿ ಬಿಟ್ಟು ಬೇರೆ ಏನನ್ನಾದರೂ ನೋಡಲಿ.

ನಿಮ್ಮ ಅಪ್ಪ ಚಿಕ್ಕವನಿದ್ದಾಗ ನಿಮ್ಮ ಮುತ್ಯಾ, ಅಂದರೆ ನಮ್ಮ ಯಜಮಾನರು, ಸೊಲ್ಲಾಪುರದಿಂದ ಒಂದು ಟಿವಿ ಗೇಮ್ ತಂದಿದ್ದರು. ಹುಡುಗರು ಶಾಲೆಗೆ ಹೋದ ಮೇಲೆ ಅದು ನಮ್ಮ ಪಾಲಿಗೆ. ನಾವೆಂದರೆ ನಾನು ಮತ್ತು ನನ್ನ ಹಿರಿಯ ನೆಗೆಣ್ಣಿ, ಮುತ್ಯಾರ ಅಣ್ಣನ ಹೆಂಡತಿ; ಈಗ ಜೇವರ್ಗಿಯಲ್ಲಿರುವ ನಿಮ್ಮ ದೊಡ್ಡ ಆಯಿ, ನನ್ನ ಬಾಯಲ್ಲಿ ಅಕ್ಕ. ಆಗ ಆಳಂದದ ಇದೇ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಇದ್ದೆವು. ನಮಗೆ ಬೇಕಾದದ್ದು ಒಂದೇ ಆಟ, ಕುಸ್ತಿ. ಕೆಂಪು ಚಡ್ಡಿಯ ಪೈಲ್ವಾನ ಅಕ್ಕನದು, ನೀಲಿ ಚಡ್ಡಿಯವನು ನನ್ನವನು. ಮನೆಯಲ್ಲಿ ಅಕ್ಕನಿಗೆ ತಲೆಯೆತ್ತಿ ಉತ್ತರ ಕೊಡದ ನಾನು ಪರದೆಯ ಮೇಲೆ ಆಕೆಯ ಎದೆಗೆ ಒದೆಯಬಹುದಿತ್ತು, ಯಾರೂ ಏನೂ ಅನ್ನುವಂತಿರಲಿಲ್ಲ. ಕಿರಿಯ ಸೊಸೆಗೆ ಇಂಥ ಸವಲತ್ತು ಆಳಂದದ ಬೇರಾವ ಮನೆಯಲ್ಲೂ ಇರಲಿಲ್ಲ.

ಆದರೆ ಆ ಯಂತ್ರ ಮಾಡಿದವನಿಗೂ ಹಿರಿಯರು ಕಿರಿಯರು ಎಂಬ ಬುದ್ಧಿ ಇತ್ತೇನೋ. ಆಟ ನಿಲ್ಲಿಸುವ, ಮತ್ತೆ ಚಾಲೂ ಮಾಡುವ ಗುಂಡಿ ಒಂದನೇ ರಿಮೋಟಿಗೆ ಮಾತ್ರ. ಎರಡನೆಯದಕ್ಕೆ ಒದೆಯುವುದು, ಜಿಗಿಯುವುದು ಅಷ್ಟೇ. ಮೊದಲ ರೊಟ್ಟಿ ಹಿರಿಯರ ತಾಟಿಗೆ ಬೀಳುವ ಹಾಗೆ ಒಂದನೇ ರಿಮೋಟು ಅಕ್ಕನ ಕೈಗೆ. ಕೆಂಪು ಚಡ್ಡಿಯವನು ಇನ್ನೇನು ಬೀಳಬೇಕು, ಅಷ್ಟರಲ್ಲಿ ಅಕ್ಕ ಗುಂಡಿ ಒತ್ತಿ ಆಟ ನಿಲ್ಲಿಸುತ್ತಿದ್ದಳು.

"ಒಂದೀಟು ಚಹಾ ಇಡು ಬೇ. ಬಾಯಿ ಆರಾಕತ್ತದ."

ಒಲ್ಲೆ ಅನ್ನಲಾದೀತೇ? ನಾನು ಒಳಗೆ ಹೋಗಿ ಸ್ಟೋ ಹೊತ್ತಿಸಿದ ಸಪ್ಪಳ ಕೇಳಿದ್ದೇ ತಡ, ಇತ್ತ ಆಟ ಚಾಲೂ. ಚಹಾದ ಕಪ್ಪು, ಬಸಿ ಹಿಡಿದು ಬರುವಷ್ಟರಲ್ಲಿ ನನ್ನ ನೀಲಿ ಚಡ್ಡಿಯವನು ಅಂಗಾತ ಬಿದ್ದಿರುತ್ತಿದ್ದ.

"ಅಯ್ಯ, ತಾನಾ ಚಾಲೂ ಆಯ್ತು ನೋಡು!" ಅನ್ನುತ್ತಿದ್ದಳು ಅಕ್ಕ.

ಹೊರಸಿನ ಮೇಲೆ ಕುಳಿತ ಮುತ್ಯಾ ಹೊಟ್ಟೆ ಕುಣಿಸಿ ನಗುತ್ತಿದ್ದರು. "ಚಹಾ ಬಂತು, ಪೈಲ್ವಾನ ಹೋದ!" ನ್ಯಾಯ ಹೇಳಿ ಎಂದರೆ, ಅಣ್ಣನ ಹೆಂಡತಿ ತಾಯಿ ಸಮಾನ ಅನ್ನುತ್ತಿದ್ದರು. ಯಾವ ತಾಯಿ ಹೀಗೆ ಬಿದ್ದವನ ಎದೆಯ ಮೇಲೆ ಜಿಗಿಯುತ್ತಾಳೆ?

ಯಂತ್ರ ಸುಟ್ಟುಹೋಯಿತು. ಮನೆ ಪಾಲಾಗಿ ಅಕ್ಕ ಜೇವರ್ಗಿಗೆ ಹೋದಳು. ಮುತ್ಯಾ ಲಿಂಗೈಕ್ಯರಾದರು. ಒಂದೇ ಒಂದು ಕುಸ್ತಿಯನ್ನಾದರೂ ಕೊನೆಯವರೆಗೆ ನನ್ನ ಕೈಯಿಂದಲೇ ಆಡಿ ಮುಗಿಸಬೇಕು ಅನ್ನುವುದು ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕ ತೊಗರಿ ಸಿಪ್ಪೆಯಂತೆ ಉಳಿಯಿತು.

ಈ ವರ್ಷ ನೀವು ಎಮ್ಯುಲೇಟರ್ ಅನ್ನುವ ಮಾತು ತೆಗೆದಿರಿ. ಹೊಸ ಯಂತ್ರ ಹಳೆಯದರ ವೇಷ ಹಾಕುತ್ತದೆ, ಹಳೆಯ ಆಟಗಳೆಲ್ಲ ಅದರಲ್ಲಿ ನಡೆಯುತ್ತವೆ ಎಂದು ಚಿನ್ನಿ ಹೇಳಿದಾಗ ನನ್ನ ಕೈಯ ಶೇಂಗಾ ಕೈಯಲ್ಲೇ ಉಳಿಯಿತು.

ಗುಂಡ್ಯಾನದು ಮೊಬೈಲ್ ಪಕ್ಷ. "ಎಲ್ಲಾ ಇದ್ರಾಗ ಅದ ಆಯಿ, ವೈರ್ ಇಲ್ದ ಟಿವಿಗೆ ಹಚ್ತೇನಿ" ಅಂದ. ಹಚ್ಚಿಯೂ ತೋರಿಸಿದ. ಇಲ್ಲಿ ಗುಂಡಿ ಒತ್ತಿದರೆ ಅಲ್ಲಿ ಒದೆ ಬೀಳುವುದು ಆಮೇಲೆ, ನೆಲೋಗಿಯ ಬಸ್ಸಿನ ಹಾಗೆ ಬಂದಾಗ ಬಂತು. "ನಿನ್ನ ಪೈಲ್ವಾನ ಒದಿಯೂದ್ರಾಗ ಅವನ ಮಕ್ಕಳ ಮದಿವಿ ಆಗ್ತದ ಲೇ" ಎಂದು ಚಿನ್ನಿ ನಕ್ಕಳು.

ಆಮೇಲೆ ಅಫಜಲಪುರದ ನನ್ನ ತಮ್ಮನ ಝೆರಾಕ್ಸ್ ಅಂಗಡಿಯಿಂದ ಹಳೆಯ ಕಂಪ್ಯೂಟರ್ ಬಂತು, ಸ್ಕೂಟರಿನ ಮೇಲೆ ಮದುಮಗನಂತೆ ಕುಳಿತು. ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ನಾನು ಹಿಟ್ಟು ನಾದಿ ಮುಗಿಸಿದ್ದೆ. ಆಟವೇನೋ ಚೆನ್ನಾಗಿ ನಡೆಯಿತು, ಆದರೆ ಇಬ್ಬರಿಗೂ ಒಂದೇ ಕೀಬೋರ್ಡು. ಗುಂಡ್ಯಾ ತನ್ನ ಕಡೆಯ ಗುಂಡಿಗಳನ್ನೆಲ್ಲ ಅಂಗೈಯಿಂದ ಒತ್ತಿ ಹಿಡಿದರೆ ಚಿನ್ನಿಯ ಪೈಲ್ವಾನ ಕಲ್ಲಾಗಿ ನಿಲ್ಲುತ್ತಿದ್ದ. ಅಗ್ಗದ ಕೀಬೋರ್ಡು ಒಮ್ಮೆಗೆ ಅಷ್ಟೊಂದು ಗುಂಡಿಗಳ ಮಾತು ಕೇಳುವುದಿಲ್ಲವಂತೆ. ಅಕ್ಕನ ಅಂಗೈ ಎಷ್ಟು ಅಗಲವೆಂದು ನನಗೆ ಗೊತ್ತು. ಅದೂ ಬೇಡವೆಂದೆ.

ಉಳಿದದ್ದು ಚಿನ್ನಿಯದು. ಬಿಸ್ಕೀಟಿನ ಪುಡಿಕೆಯಷ್ಟು ಸಣ್ಣ ಕಂಪ್ಯೂಟರ್, ಒಳಗೆ ಲಿನಕ್ಸ್, ಟಿವಿಗೆ ವೈರು, ವೈರಿನದೇ ಎರಡು ರಿಮೋಟು. ನೋಡಿದರೆ ಯಾರೋ ಬಿಚ್ಚಿ ಬಿಟ್ಟುಹೋದ ರೇಡಿಯೋದಂತಿತ್ತು. ಒದೆ ಮಾತ್ರ ಒತ್ತಿದ ಕೂಡಲೇ ಬೀಳುತ್ತಿತ್ತು.

"ಇದ್ರಾಗ ನಿಲ್ಸೋ ಗುಂಡಿ ಎರಡನೇದಕ್ಕೂ ಕೊಡಾಕ ಬರ್ತದೇನು?" ಎಂದು ಕೇಳಿದೆ.

"ಯಾವ ಗುಂಡಿಗೆ ಏನ್ ಬೇಕಾದ್ರೂ ಕೊಡಬಹುದು ಆಯಿ."

"ಒಂದನೇದರಿಂದ ತಗಿಯಾಕ?"

"ಬರ್ತದ. ಯಾಕ?"

"ಹಂಗ ಸುಮ್ನ." ಅದನ್ನೇ ಆರಿಸಿದೆ, ಚಿನ್ನಿ ಗುಂಡಿಗಳನ್ನು ನಾನು ಹೇಳಿದ ಹಾಗೇ ಬದಲಿಸಿಕೊಟ್ಟಳು.

ಶ್ರಾವಣದಲ್ಲಿ ದೊಡ್ಡ ಆಯಿ ಬಂದಳು. ನೀವಿಬ್ಬರೂ ಕಾಲೇಜಿಗೆ ಹೋಗಿದ್ದಿರಿ. ಟಿವಿಯಲ್ಲಿ ಕೆಂಪು ಚಡ್ಡಿ ಕಂಡದ್ದೇ ಅಕ್ಕ ಮೊಣಕಾಲು ನೋವು ಮರೆತು ಚಾಪೆಯ ಮೇಲೆ ಕುಳಿತಳು. ನಾನು ಎರಡೂ ಕೈಯಿಂದ ಒಂದನೇ ರಿಮೋಟು ಕೊಟ್ಟೆ. ಮರ್ಯಾದೆ ಬಿಡಬಾರದು ನೋಡಿ.

ಸ್ವಲ್ಪ ಹೊತ್ತಿನಲ್ಲೇ ಕೆಂಪು ಚಡ್ಡಿಯವನು ತೂರಾಡತೊಡಗಿದ. ಅಕ್ಕ ಗುಂಡಿ ಒತ್ತಿದಳು. ಆಟ ನಿಲ್ಲಲಿಲ್ಲ. ಮತ್ತೆ ಒತ್ತಿದಳು. ನಾನು ಮತ್ತೆ ಒದ್ದೆ.

"ಇದೇನ್ ಬೇ, ಗುಂಡಿ ಕೆಟ್ಟದೇನು?"

"ನನಗೇನ್ ಗೊತ್ರಿ ಅಕ್ಕಾರ. ಹುಡುಗ್ರ ಯಂತ್ರ."

"ತಡಿ, ತಡಿ. ಮೊದಲ ಚಹಾ ಇಡು."

"ಇಡ್ತೇನ್ರಿ" ಎಂದು ನನ್ನ ರಿಮೋಟಿನ ಗುಂಡಿ ಒತ್ತಿ ಎದ್ದೆ. ಪರದೆ ನಿಂತಿತು. ಅಡುಗೆಮನೆಯಲ್ಲಿ ಶುಂಠಿ ಜಜ್ಜುತ್ತ ಕಿವಿಗೊಟ್ಟೆ. ಪಡಸಾಲೆಯಲ್ಲಿ ಅಕ್ಕ ಟಕಟಕ ಒತ್ತುತ್ತಲೇ ಇದ್ದಳು. ಅಷ್ಟು ರುಚಿಯಾದ ಚಹಾ ನಾನು ಮತ್ತೆಂದೂ ಮಾಡಿಲ್ಲ.

ತಂದು ಕೊಟ್ಟೆ. ಅಕ್ಕ ಇವತ್ತಿಗೂ ಬಸಿಗೆ ಸುರುವಿಕೊಂಡೇ ಕುಡಿಯುವುದು. ಎಡಗೈಯಲ್ಲಿ ಕಪ್ಪು, ಬಲಗೈಯಲ್ಲಿ ತುಂಬಿದ ಬಸಿ, ತುಟಿ ಮುಂದೆ ಮಾಡಿ ಊದುತ್ತಿದ್ದಳು. ನಾನು ಗುಂಡಿ ಒತ್ತಿದೆ.

"ಏ! ಏ! ಕೈಯಾಗ ಚಹಾ ಅದ ಬೇ!"

"ಅಯ್ಯ, ತಾನಾ ಚಾಲೂ ಆಯ್ತು ನೋಡ್ರಿ!"

ಕೆಂಪು ಚಡ್ಡಿಯವನು ಅಂಗಾತ ಬಿದ್ದ. ಅಭ್ಯಾಸಬಲದಿಂದ ಹೊರಸಿನ ಕಡೆ ತಿರುಗಿದೆ. ಅಲ್ಲಿ ನಿಮ್ಮ ಒಗೆದ ಅರಿವೆ ಇದ್ದವು.

ಅಕ್ಕ ಎಡಗೈಯ ಕಪ್ಪು ಕೆಳಗಿಟ್ಟಳು. "ಇದು ಖರೇ ಆಟ ಅಲ್ಲ. ವೇಷದ ಯಂತ್ರ, ವೇಷದ ಕುಸ್ತಿ" ಎಂದು ಸೊರ್ರನೆ ಬಸಿ ಖಾಲಿ ಮಾಡಿದಳು. ಸಂಜೆ ಬಸ್ಸಿಗೆ ಹೊರಟಾಗ ಕಾಲಿಗೆ ಬಿದ್ದೆ. "ನೂರ್ ವರ್ಷ ಬಾಳು, ಕಳ್ಳಿ" ಎಂದು ತಲೆಗೊಂದು ಮೊಟಕಿದಳು.

ಈಗ ಜೇವರ್ಗಿಯಲ್ಲಿ, ಆಳಂದಕ್ಕೆ ಹೋಗಿ ತಂಗಿಯನ್ನು ಕೆಡವಿ ಬಂದೆ ಎಂದು ಬೀಗರಿಗೆಲ್ಲ ಹೇಳುತ್ತಿದ್ದಾಳಂತೆ. ಹೊಸ ಆಟಗಳಿಗೆ ಜಾಗ ಬೇಕೆಂದು ಗುಂಡ್ಯಾ ನಮ್ಮ ಕುಸ್ತಿ ಆಟವಿದ್ದ ಆ ಯಂತ್ರದ ಕಾರ್ಡನ್ನು ಅಳಿಸಿದ್ದಾನೆ. ನಕ್ಕು ಸಾಕ್ಷಿ ಹೇಳಬೇಕಾದ ಮುತ್ಯಾ ಇಲ್ಲ. ನಾನು ಗೆದ್ದದ್ದಕ್ಕೆ ಈ ಹಾಳೆಗಳಷ್ಟೇ ಉಳಿದಿವೆ. ಒಲೆಯ ಹತ್ತಿರ, ಉಪ್ಪಿನಕಾಯಿ ಭರಣಿಯ ಕೆಳಗೆ ಇಡಬೇಡಿ, ಜೋಪಾನ ಮಾಡಿ. ದೊಡ್ಡ ಆಯಿ ಬಂದು ತಾನೇ ಗೆದ್ದೆ ಅಂದರೆ ಮೊದಲು ಚಹಾ ಕೊಡಿ. ಎರಡೂ ಕೈ ತುಂಬಿದ ಮೇಲೆ ಇದನ್ನು ತೆಗೆದು ಗಟ್ಟಿಯಾಗಿ ಓದಿ.