ಕ್ಷೌರಿಕನ ‘ಅಬ್ಬಾ’
ಆ ಕ್ಷೌರಿಕ ‘ಅಬ್ಬಾ’ ಎನ್ನದೆ ಕತ್ತರಿ ಆಡಿಸಿದವನಲ್ಲ. ಗಿರಾಕಿ ತನ್ನ ಮೂಲವ್ಯಾಧಿಯ ಪುರಾಣ ಬಿಚ್ಚಿದರೂ ‘ಅಬ್ಬಾ’. ಮುದಿ ಮೇಷ್ಟರು ಮಂತ್ರಿಯನ್ನೇ ಬೈದೆನೆಂದು ಬುರುಡೆ ಬಿಟ್ಟರೆ ಕನ್ನಡಿಯಲ್ಲಿ ಕಣ್ಣರಳಿಸಿ ‘ಅಬ್ಬಬ್ಬಬ್ಬಾ!’ ಉಬ್ಬಿದ ಗಿರಾಕಿ ತಲೆ ಅಲ್ಲಾಡಿಸುವುದಿಲ್ಲ, ಕೆಲಸ ಸಲೀಸು ಎಂದು ಮನೆಯಲ್ಲಿ ಮಗಳಿಗೆ ಕಸುಬಿನ ಗುಟ್ಟು ಹೇಳಿ ನಗುತ್ತಿದ್ದ. ಮೊನ್ನೆ ಅದೇ ಮಗಳು ಮೊದಲ ಸಲ ಬಸ್ಸು ಓಡಿಸಿಕೊಂಡು ಬಂದು ಅಂಗಡಿ ಎದುರು ನಿಲ್ಲಿಸಿದಳು. ಅಷ್ಟು ದೊಡ್ಡ ಬಸ್ಸು, ಅದರ ತುಂಬ ಜನ, ಸ್ಟೇರಿಂಗ್ ಹಿಡಿದು ಕೂತ ತನ್ನ ಕೂಸು. ನೊರೆ ಸುರಿಯುವ ಬ್ರಷ್ ಹಿಡಿದೇ ಹೊರಗೋಡಿದವನು, “ಅಬ್ಬಾ!” ಎಂದ. ಮಗಳು ಕಿಟಕಿಯಿಂದ ನಕ್ಕಳು: “ಸಾಕು ಬಿಡಪ್ಪಾ, ನಾನೇನು ನಿನ್ನ ಗಿರಾಕೀನಾ? ತಲೆ ಅಲ್ಲಾಡಿಸಲ್ಲ, ಹೋಗು.” ಬಸ್ಸು ಹೊರಟಿತು. ಅವನು ಬೇರೊಂದು ಮಾತಿಗೆ ತಡಕಾಡಿದ. ಇದ್ದ ಒಂದನ್ನು ಕಂಡಕಂಡವರಿಗೆಲ್ಲ ಹಂಚಿ ಮುಗಿಸಿದ್ದ.