ಸೇಂದಿ ಅಂಗಡಿಗೆ ಬೀಗ ಬಿದ್ದಾಗ

ಕುಷ್ಟಗಿ ಕಡೆಯ ಹಳ್ಳಿಯಿಂದ ನಾನು ಸೊಸೆಯಾಗಿ ಗಂಗಾವತಿಗೆ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಅತ್ತೆ ಹಗಲೆಲ್ಲ ಗದ್ದೆಯಲ್ಲಿ ಬಗ್ಗಿ ಭತ್ತದ ನಾಟಿ ಮಾಡಿ, ಸಂಜೆ ಸೇಂದಿ ಕುಡಿದೇ ಮನೆಗೆ ಬರುತ್ತಿದ್ದರು. ಜೊತೆಗೆ ಹೋಗುವ ಹೆಂಗಸರೂ ಕುಡಿಯುತ್ತಿದ್ದರು. “ಸೊಂಟದ ನೋವಿಗೆ ಛಲೋ ಅಕ್ಕೈತವಾ” ಎನ್ನುತ್ತಿದ್ದರು ಅತ್ತೆ.

ನನ್ನ ಮಗಳು ಇನ್ನೂ ತೊಟ್ಟಿಲಲ್ಲಿದ್ದಾಗ, ಒಮ್ಮೆ ಅಬಕಾರಿಯವರು ಬಂದು ಸೇಂದಿ ಅಂಗಡಿಗೆ ಬೀಗ ಹಾಕಿದರು. ಇನ್ನಾದರೂ ಬಿಟ್ಟಾರು ಎಂದು ನನಗೆ ಸಮಾಧಾನವೇ ಆಯಿತು. ಆದರೆ ಮರುದಿನ ಅತ್ತೆಗೆ ರೊಟ್ಟಿ ಮುರಿಯಲೂ ಆಗದಷ್ಟು ಕೈ ನಡುಗಿತು. ನಿದ್ದೆ ಹತ್ತಲಿಲ್ಲ. ಅದರ ಮರುದಿನ ನಾನು ನೀರು ತಂದು ಒಳಗೆ ಬಂದರೆ ತೊಟ್ಟಿಲು ಖಾಲಿ. ಅತ್ತೆ ನನ್ನ ಎಳೆಗೂಸನ್ನು ಎದೆಗೆ ಅವಚಿಕೊಂಡು ಮೂಲೆಯಲ್ಲಿ ನಿಂತಿದ್ದರು.

“ಗ್ವಾಡಿ ತುಂಬ ಇರುವಿ ಅದಾವ. ಕೂಸಿನ ಮ್ಯಾಲೆ ಬರಾಕ ಹತ್ಯಾವ!”

ಗೋಡೆಯ ಮೇಲೆ ಏನೂ ಇರಲಿಲ್ಲ.

“ಅತ್ತಿ, ಕೂಸು ಕೊಡ್ರಿ ಇತ್ತ.”

“ನೀ ಯಾರು? ಹತ್ರ ಬರಬ್ಯಾಡ!”

ಮಗು ಉಸಿರುಗಟ್ಟಿದಂತೆ ಅಳುತ್ತಿತ್ತು. ಕಿತ್ತುಕೊಳ್ಳಲು ಹೋದರೆ ಎಲ್ಲಿ ಎತ್ತಿಹಾಕುತ್ತಾರೋ ಎಂದು ಮುಂದೆ ಹೋಗಲಿಲ್ಲ. ಅಲ್ಲೇ ನೆಲಕ್ಕೆ ಕೂತು ಸೆರಗು ಸರಿಸಿದೆ. “ಹಸ್ದಾಳ್ರಿ ಅತ್ತಿ, ಹಾಲು ಕುಡಸ್ತೀನಿ” ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಬಗ್ಗಿ ಮಗುವನ್ನು ಮಡಿಲಿಗಿಟ್ಟರು. ನಾನು ಅದನ್ನು ಎತ್ತಿಕೊಂಡು ಹೊರಗೋಡಿ ಕೂಗಿಕೊಂಡೆ. ಗಂಡ, ನೆರೆಯವರು ಬರುವಷ್ಟರಲ್ಲಿ ಅತ್ತೆ ಫಿಟ್ಸ್ ಬಂದು ಬಿದ್ದಿದ್ದರು.

ದವಾಖಾನೆಯಲ್ಲಿ ಅದೇ ಅಂಗಡಿಯಲ್ಲಿ ಕುಡಿಯುತ್ತಿದ್ದ ಇನ್ನೂ ಕೆಲವರಿದ್ದರು. ಮೈಮೇಲೆ ಎಚ್ಚರವಿಲ್ಲದೆ ಬಡಿದಾಡುವವರನ್ನು ಸೀರೆಯಿಂದ ಮಂಚಕ್ಕೆ ಕಟ್ಟಿದ್ದರು. ಡಾಕ್ಟರು ಗಂಡನಿಗೆ ಹೇಳಿದರು: “ಇವ್ರು ಕುಡಿದಿದ್ದು ಬರೀ ಸೇಂದಿ ಅಲ್ರಿ. ಅದರಾಗ ನಿದ್ದಿ ಬರೂ ಪುಡಿ ಕಲಸ್ತಾರ. ಕುಡಿದು ಕುಡಿದು ರೂಢಿ ಆದ ಮ್ಯಾಲೆ ಒಮ್ಮೆಲೇ ನಿಂತ್ರ ಹಿಂಗ ಅಕ್ಕೈತಿ.”

ಅತ್ತೆ ಚೇತರಿಸಿಕೊಂಡರು. ನಾಟಿಯಲ್ಲಿ ಅವರ ಪಕ್ಕದಲ್ಲೇ ನಿಲ್ಲುತ್ತಿದ್ದ ಹೆಂಗಸು ದವಾಖಾನೆಯಿಂದ ಜೀವಂತ ಮರಳಲಿಲ್ಲ. ಆ ಸುದ್ದಿ ಕೇಳಿದ ಅತ್ತೆ ಅಳಲಿಲ್ಲ, ಗೋಡೆಯ ಕಡೆ ಹೊರಳಿ ಮಲಗಿದರು.

ಕೆಲವೇ ತಿಂಗಳಲ್ಲಿ ಅಂಗಡಿ ಬೇರೆ ಓಣಿಯಲ್ಲಿ ತೆರೆಯಿತು. ಅತ್ತೆ ಮತ್ತೆ ಕುಡಿಯಲಿಲ್ಲ. ಆದರೂ ಎಷ್ಟೋ ವರ್ಷ, ಅವರು ಗದ್ದೆಯಿಂದ ಬರುವುದು ತುಸು ತಡವಾದರೆ ಸಾಕು, ನಾನು ಒಲೆ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ದೂರದಿಂದಲೇ ಅವರ ನಡಿಗೆ ನೋಡುತ್ತಿದ್ದೆ.